ಪರದೆ ಒಡೆದರೆ ಏನು ಕಳೆದುಹೋಗುತ್ತೆ? ಡಿಸ್ಕಿನಿಂದ ಕೀಲಿಯವರೆಗಿನ ಒಂದು ಸಣ್ಣ ಇತಿಹಾಸ

ಕೊಚ್ಚಿಯಲ್ಲಿ ಮಳೆ ಹಿಡಿಯಿತು ಅಂದ್ರೆ ಕಾಕ್ಕನಾಡಿನ ನಮ್ಮ ಕನ್ನಡದವರಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳೇ ಕೇಳ್ತಾರೆ: "ಲ್ಯಾಪ್‌ಟಾಪ್ ಸ್ಕ್ರೀನ್ ಒಡೆದಿದೆ, ಒಳಗಿನ ಫೋಟೋ ಎಲ್ಲಾ ಹೋದವಾ?" ಬೆಂಗಳೂರಿನಲ್ಲಿ ಎಸ್‌.ಪಿ. ರೋಡ್ ಇದ್ದ ಹಾಗೆ ಎರ್ನಾಕುಲಂನಲ್ಲಿ ಪೆಂಟಾ ಮೇನಕ ಇದೆ, ರಿಪೇರಿಗೆ ಅಲ್ಲಿ ಹೋಗಬಹುದು. ಆದರೆ ಇವತ್ತು ನಾನು ಹೇಳೋದು ಅಂಗಡಿ ವಿಷಯ ಅಲ್ಲ. ಈ ಪ್ರಶ್ನೆಯ ಉತ್ತರ 70 ವರ್ಷಗಳಲ್ಲಿ ಹೇಗೆ ಬದಲಾಯಿತು ಅನ್ನೋ ಕಥೆ.

1956ರಿಂದ ಶುರು ಮಾಡೋಣ. ಆ ವರ್ಷ ಐಬಿಎಂ ಕಂಪನಿ 305 ರಾಮ್ಯಾಕ್ ಅನ್ನೋ ಯಂತ್ರ ತಂದಿತು. ಮಾರಾಟಕ್ಕೆ ಬಂದ ಮೊದಲ ಹಾರ್ಡ್ ಡಿಸ್ಕ್ ಇದ್ದದ್ದು ಅದರಲ್ಲೇ. 24 ಇಂಚು ಅಗಲದ 50 ತಟ್ಟೆಗಳು, ಒಟ್ಟು 50 ಲಕ್ಷ ಅಕ್ಷರ. ಇವತ್ತಿನ ಒಂದು ಫೋಟೋ ಹಿಡಿಸುವಷ್ಟು ಜಾಗ, ಅಷ್ಟೇ. ಗಮನಿಸಿ, ಆ ಯಂತ್ರಕ್ಕೆ ನಮ್ಮ ಅರ್ಥದ ಪರದೆಯೇ ಇರಲಿಲ್ಲ. ಉತ್ತರ ಕಾಗದದ ಮೇಲೆ ಅಚ್ಚಾಗಿ ಬರ್ತಿತ್ತು. ಅಂದರೆ ಮಾಹಿತಿ ಇಡೋ ಜಾಗ ಬೇರೆ, ಅದನ್ನ ತೋರಿಸೋ ಜಾಗ ಬೇರೆ ಅನ್ನೋದು ಮೊದಲಿಂದಲೂ ಇತ್ತು.

1982ರಲ್ಲಿ ಗ್ರಿಡ್ ಕಂಪಾಸ್ ಬಂತು. ಪರದೆಯನ್ನ ಪುಸ್ತಕದ ರಟ್ಟಿನ ಹಾಗೆ ಕೀಬೋರ್ಡಿನ ಮೇಲೆ ಮಡಚೋ ವಿನ್ಯಾಸ ಅದರದು. ನಮ್ಮ ಲ್ಯಾಪ್‌ಟಾಪ್‌ಗಳೆಲ್ಲ ಇವತ್ತಿಗೂ ಅದೇ ಆಕಾರದಲ್ಲಿವೆ: ಮುಚ್ಚಳದಲ್ಲಿ ತೆಳ್ಳಗಿನ ಪರದೆ, ಬುಡದಲ್ಲಿ ಉಳಿದದ್ದೆಲ್ಲ, ನಡುವೆ ಕೀಲಿನ ಮೂಲಕ ಹಾದುಹೋಗೋ ಒಂದು ಕೇಬಲ್. ಎಲ್ಲಕ್ಕಿಂತ ಬೇಗ ಒಡೆಯೋದು ಪರದೆ. ಆದರೆ ಫೈಲುಗಳು ಅಲ್ಲಿಲ್ಲ.

ಹಾಗಾಗಿ ಪರದೆ ಹೋದಾಗ ಮೊದಲು ಮಾಡಬೇಕಾದ್ದು ಸುಲಭ. ಎಚ್‌ಡಿಎಂಐ ಕೇಬಲ್ ಹಾಕಿ ಮನೆಯ ಟಿವಿಗೆ ಜೋಡಿಸಿ. ಚಿತ್ರ ಬಂತಾ? ಹಾಗಾದ್ರೆ ಯಂತ್ರ ಬದುಕಿದೆ. ಮೊದಲು ಫೈಲುಗಳನ್ನ ಹೊರಗಿನ ಡಿಸ್ಕಿಗೆ ಹಾಕಿ, ರಿಪೇರಿ ಮಾತು ಆಮೇಲೆ. ಪರದೆ ಒಡೆಯದೆ ಬರೀ ಕಪ್ಪಾಗಿದ್ದರೆ ಟಾರ್ಚ್ ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ ಹಿಂದಿನ ದೀಪ ಮಾತ್ರ ಹೋಗಿದೆ ಅಂತ ಅರ್ಥ.

ಇನ್ನು ಫೈಲೇ ಅಳಿಸಿಹೋದರೆ? ಅದಕ್ಕೂ 1982ರಲ್ಲೇ ಒಂದು ಉತ್ತರ ಸಿಕ್ಕಿತು. ಪೀಟರ್ ನಾರ್ಟನ್ ಅನ್ನೋರು ಅನ್‌ಇರೇಸ್ ಅನ್ನೋ ಪ್ರೋಗ್ರಾಂ ಬರೆದರು. ಡಾಸ್‌ನಲ್ಲಿ ಫೈಲ್ ಅಳಿಸಿದರೆ ನಿಜವಾಗಿ ಅಳಿಸ್ತಾ ಇದ್ದದ್ದು ಪಟ್ಟಿಯಲ್ಲಿನ ಹೆಸರಿನ ಮೊದಲ ಅಕ್ಷರ ಮತ್ತು ಫೈಲ್ ಇದ್ದ ಜಾಗದ ಗುರುತು ಮಾತ್ರ. ಒಳಗಿನ ಮಾಹಿತಿ ಹಾಗೇ ಉಳೀತಿತ್ತು. ಮೇಲೆ ಬೇರೇನೂ ಬರೆಯದಿದ್ದರೆ ವಾಪಸ್ ತರಬಹುದಿತ್ತು.

ಇದೇ ತತ್ವ ದೊಡ್ಡ ಮಟ್ಟದಲ್ಲಿ ಬೆಳೆದದ್ದು ನಮ್ಮ ಹತ್ತಿರದಲ್ಲೇ, ತಿರುವನಂತಪುರದಲ್ಲಿ. 1973ರಲ್ಲಿ ಕೆಲ್ಟ್ರಾನ್, 1990ರಲ್ಲಿ ಟೆಕ್ನೋಪಾರ್ಕ್ ಹುಟ್ಟಿದ ಊರದು. ಅಲ್ಲಿನ ಸಿ-ಡ್ಯಾಕ್ ಕೇಂದ್ರ ಸೈಬರ್ ಅಪರಾಧದ ತನಿಖೆಗೆ ಟ್ರೂಬ್ಯಾಕ್, ಸೈಬರ್‌ಚೆಕ್ ಅನ್ನೋ ತಂತ್ರಾಂಶಗಳನ್ನ ಮಾಡಿತು. ಒಂದು ವಶಪಡಿಸಿಕೊಂಡ ಡಿಸ್ಕಿನ ಪೂರ್ತಿ ನಕಲು ತೆಗೆಯೋಕೆ, ಇನ್ನೊಂದು ಆ ನಕಲಿನಲ್ಲಿ ಹುಡುಕೋಕೆ. ಮೂಲ ಡಿಸ್ಕಿನ ಮೇಲೆ ಕೈಯಾಡಿಸಬಾರದು, ನಕಲಿನ ಮೇಲೆ ಮಾತ್ರ ಕೆಲಸ ಮಾಡಬೇಕು. ಈ ಮಾತು ಪೊಲೀಸರಿಗೆ ಎಷ್ಟೋ ನಮಗೂ ಅಷ್ಟೇ.

ಆಮೇಲೆ ಕಾಲ ಬದಲಾಯಿತು. ಎಸ್‌ಎಸ್‌ಡಿ ಬಂತು. 2009ರ ವಿಂಡೋಸ್ 7ರ ಜೊತೆ ಟ್ರಿಮ್ ಅನ್ನೋ ಆಜ್ಞೆ ಬಂತು. ಫೈಲ್ ಅಳಿಸಿದರೆ ಎಸ್‌ಎಸ್‌ಡಿ ಆ ಜಾಗವನ್ನ ತಾನೇ ಖಾಲಿ ಮಾಡಿಬಿಡುತ್ತೆ. ನಾರ್ಟನ್ ಕಂಡುಕೊಂಡ ದಾರಿ ಬಹುಪಾಲು ಮುಚ್ಚಿತು. ಬಿಟ್‌ಲಾಕರ್ 2007ರಲ್ಲೇ ವಿಸ್ಟಾ ಜೊತೆ ಬಂದಿತ್ತು. 2013ರ ವಿಂಡೋಸ್ 8.1ರಿಂದ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಾವು ಕೇಳದೆಯೇ ಬೀಗ ಬೀಳೋಕೆ ಶುರುವಾಯಿತು. ಆಪಲ್ 2016ರ ಟಚ್ ಬಾರ್ ಇದ್ದ ಮ್ಯಾಕ್‌ಬುಕ್ ಪ್ರೊಗಳಲ್ಲಿ ಸಂಗ್ರಹದ ಚಿಪ್ಪನ್ನ ಬೋರ್ಡಿಗೇ ಬೆಸೆಯಿತು. 2018ರಲ್ಲಿ ಟಿ2 ಚಿಪ್ ಸೇರಿಸಿ, ಆ ಬೋರ್ಡ್ ಬಿಟ್ಟು ಬೇರೆಲ್ಲೂ ಅದನ್ನ ಓದದ ಹಾಗೆ ಮಾಡಿತು. ಕಳ್ಳರಿಂದ ಕಾಪಾಡೋಕೆ ಇದು ಒಳ್ಳೇದೇ. ಆದರೆ ಒಂದು ಪಲ್ಲಟ ನೋಡಿ: ಮೊದಲು ಡಿಸ್ಕ್ ಕೈಗೆ ಸಿಕ್ಕಿದರೆ ಫೈಲ್ ಸಿಕ್ಕಂತೆ. ಈಗ ಡಿಸ್ಕ್ ಸರಿಯಾಗೇ ಇದ್ದರೂ ಕೀಲಿ ಇಲ್ಲದಿದ್ದರೆ ಏನೂ ಇಲ್ಲ.

ಇದು ನಮ್ಮಂಥ ಊರು ಬಿಟ್ಟು ಬಂದವರಿಗೆ ಹೇಗೆ ತಟ್ಟುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ನನ್ನ ಜೊತೆ ಕೆಲಸ ಮಾಡೋ ಹಾಸನ ಕಡೆಯ ಹುಡುಗನ ಲ್ಯಾಪ್‌ಟಾಪ್ ಮಳೆಯಲ್ಲಿ ಜಾರಿ ಬಿತ್ತು. ಪರದೆ ಪುಡಿ, ಯಂತ್ರವೂ ಆನ್ ಆಗಲಿಲ್ಲ. ತೀರಿಕೊಂಡ ಅವನ ತಂದೆಯ ಫೋಟೋ, ಧ್ವನಿ ಎಲ್ಲಾ ಅದರಲ್ಲೇ ಇದ್ದವು. ಅಂಗಡಿಯ ಚೇಟನ್ ಎಸ್‌ಎಸ್‌ಡಿ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರು. ಡಿಸ್ಕ್ ಚೆನ್ನಾಗಿತ್ತು. ಆದರೆ ಅದು 48 ಅಂಕಿಯ ರಿಕವರಿ ಕೀ ಕೇಳಿತು. "ಕೀ ಉಂಡೋ?" ಅಂದರು ಚೇಟನ್. ಕೀ ಇದ್ದದ್ದು ಅವನ ಮೈಕ್ರೋಸಾಫ್ಟ್ ಖಾತೆಯಲ್ಲಿ; ಪಾಸ್‌ವರ್ಡ್ ನೆನಪಿಲ್ಲ; ಒಟಿಪಿ ಹೋಗೋದು ಹಳೇ ಕರ್ನಾಟಕದ ನಂಬರಿಗೆ. ಕೇರಳಕ್ಕೆ ಬಂದ ಮೇಲೆ ಅವನು ಹೊಸ ಸಿಮ್ ತಗೊಂಡಿದ್ದ.

ಪುಣ್ಯಕ್ಕೆ ಆ ಹಳೇ ಸಿಮ್ ಊರಲ್ಲಿ ಅಮ್ಮನ ಬಟನ್ ಫೋನಿನಲ್ಲಿತ್ತು. "ನಿಧಾನಕ್ಕೆ ಬರ್ಕೋ ಮಗಾ" ಅಂತ ಅವರು ಒಂದೊಂದೇ ಅಂಕಿ ಓದಿ ಹೇಳಿದರು. ಖಾತೆ ತೆರೆಯಿತು, ಕೀ ಸಿಕ್ಕಿತು, ಫೋಟೋಗಳೂ ಸಿಕ್ಕಿದವು. ಆ ನಂಬರಿಗೆ ರೀಚಾರ್ಜ್ ನಿಲ್ಲಿಸಿದ್ದಿದ್ದರೆ ಅದು ಬೇರೆ ಯಾರ ಕೈ ಸೇರ್ತಿತ್ತೋ, ಯಾವ ರಿಪೇರಿಯವರೂ ಏನೂ ಮಾಡೋಕಾಗ್ತಿರಲಿಲ್ಲ.

ಹಾಗಾಗಿ ನಾನು ಹೇಳೋದು ಮೂರೇ ಮಾತು. ರಿಕವರಿ ಕೀಯನ್ನ ಇವತ್ತೇ ಕಾಗದಕ್ಕಿಳಿಸಿ, ಒಂದು ಪ್ರತಿ ಊರಿನ ಮನೆಯ ಬೀರುವಿನಲ್ಲಿಡಿ. ನಂಬರ್ ಬದಲಾದರೆ ಬ್ಯಾಂಕಿಗೆ ಹೇಳೋ ಹಾಗೇ ಮೇಲ್ ಖಾತೆಗಳಲ್ಲೂ ಬದಲಾಯಿಸಿ. ಫೋಟೋಗಳ ಇನ್ನೊಂದು ಪ್ರತಿ ಬೇರೆ ಊರಲ್ಲಿರಲಿ. 2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಕೊಚ್ಚಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತ್ತು; ಅಂಥ ನೀರು ಮನೆಗೆ ನುಗ್ಗಿದಾಗ ಒಂದೇ ಕಪಾಟಿನ ಎರಡು ಡಿಸ್ಕ್ ಅಂದರೆ ಒಂದೇ ಡಿಸ್ಕ್.

ಪರದೆಗೆ ಅಂಗಡಿಯಲ್ಲಿ ಬೆಲೆ ಇದೆ, ದುಡ್ಡು ಕೊಟ್ಟರೆ ಹೊಸದು ಬರುತ್ತೆ. ಕೀಲಿ ಮಾತ್ರ ನಾವೇ ಇಟ್ಕೊಳ್ಳಬೇಕು.