ಒಡೆಯನ ಔದಾರ್ಯದಿಂದ ಸಂಘದ ಬೈಲಾದವರೆಗೆ

ಲಾಭಕ್ಕಿಂತ ದೊಡ್ಡ ಧ್ಯೇಯವಿಟ್ಟುಕೊಂಡು ಉದ್ಯಮ ನಡೆಸಿದವರ ಇತಿಹಾಸ ಬರೆಯುವಾಗ ಎಲ್ಲರೂ ಮೊದಲು ಹುಡುಕುವುದು ಒಬ್ಬ ಉದಾರಿ ಮಾಲೀಕನನ್ನು. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಹತ್ತಿ ಗಿರಣಿಯ ರಾಬರ್ಟ್ ಓವೆನ್ ಅಂಥವನು. 1800ರಲ್ಲಿ ಆಡಳಿತ ವಹಿಸಿಕೊಂಡ ಆತ ಹತ್ತು ವರ್ಷದೊಳಗಿನ ಮಕ್ಕಳನ್ನು ದುಡಿಮೆಯಿಂದ ಬಿಡಿಸಿ ಶಾಲೆಗೆ ಹಾಕಿದ. ಅಮೆರಿಕದ ಹತ್ತಿ ಬಾರದೆ ಯಂತ್ರಗಳು ತಿಂಗಳುಗಟ್ಟಲೆ ನಿಂತಾಗಲೂ ಕೂಲಿ ತಪ್ಪಿಸಲಿಲ್ಲ. ಗಿರಣಿ ಲಾಭದಲ್ಲೇ ಇತ್ತು. ಆದರೂ ಪಾಲುದಾರರು ತಕರಾರು ತೆಗೆದರು. ಬಂಡವಾಳಕ್ಕೆ ಶೇ. 5ರ ಪ್ರತಿಫಲ ಸಾಕೆನ್ನುವ ಹೊಸ ಪಾಲುದಾರರನ್ನು ಓವೆನ್ ಹುಡುಕಿಕೊಳ್ಳಬೇಕಾಯಿತು. ಮೌಲ್ಯ ಒಬ್ಬನ ಮನಸ್ಸಿನಲ್ಲಷ್ಟೇ ಇದ್ದರೆ ಅವನ ಕೈ ಸೋತ ದಿನ ಅದೂ ಸೋಲುತ್ತದೆ. ಅದು ಉಳಿಯಬೇಕಾದರೆ ಒಡೆತನದಲ್ಲೇ, ನಿಯಮದಲ್ಲೇ ಸೇರಿಕೊಂಡಿರಬೇಕು.

ಆ ದಾರಿ ತೆರೆದದ್ದು ಇಂಗ್ಲೆಂಡಿನ ರಾಚ್‌ಡೇಲ್‌. 1844ರ ಡಿಸೆಂಬರಿನಲ್ಲಿ 28 ಮಂದಿ ಸೇರಿ ಟೋಡ್ ಲೇನ್‌ನಲ್ಲಿ ತೆರೆದ ಅಂಗಡಿಯಲ್ಲಿ ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್, ಮೇಣದ ಬತ್ತಿ ಇಷ್ಟೇ. ಕಲಬೆರಕೆಯಿಲ್ಲದ ಸರಕು, ಸರಿಯಾದ ತೂಕ, ಷೇರು ಎಷ್ಟೇ ಇರಲಿ ಒಬ್ಬನಿಗೆ ಒಂದೇ ಮತ, ಮಿಗುತಾಯದಲ್ಲಿ ಖರೀದಿಗೆ ತಕ್ಕ ಪಾಲು: ಇವೆಲ್ಲ ಅಲ್ಲಿ ಬರೀ ಸದಾಶಯಗಳಾಗಿರಲಿಲ್ಲ, ವ್ಯಾಪಾರದ ಕಟ್ಟಳೆಗಳೇ ಆದವು. ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳಿಗೆಂದು 1904ರ ಕಾಯ್ದೆ ಬಂದ ಮರುವರ್ಷವೇ ಸಿದ್ದನಗೌಡ ಪಾಟೀಲರು ಗದಗ ಬಳಿಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ಅಡಿಕೆ ಧಾರಣೆ ನೆಲಕಚ್ಚಿದ ಹೊತ್ತಿನಲ್ಲಿ, 1973ರಲ್ಲಿ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಮುಂದೆ ಕೋಕೋ ಕೊಳ್ಳುವವರಿಲ್ಲದಾದಾಗ ಅದನ್ನೂ ಖರೀದಿಸಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ನಿಲ್ಲಿಸಿತು. ಕ್ಯಾಂಪ್ಕೊ ಧಾರಣೆ ಪ್ರಕಟಿಸಿದರೆ ಖಾಸಗಿ ವ್ಯಾಪಾರಿಯೂ ಅದನ್ನು ಗಮನಿಸಲೇಬೇಕು. ಹೀಗೆ ಸದಸ್ಯನಲ್ಲದ ಬೆಳೆಗಾರನಿಗೂ ಅದರ ಆಸರೆ ಸಿಗುತ್ತದೆ.

1970ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಎತ್ತಿದ ಆಕ್ಷೇಪ ಹಗುರವಾದದ್ದಲ್ಲ: ಷೇರುದಾರರ ದುಡ್ಡನ್ನು ಮ್ಯಾನೇಜರ್ ತನ್ನ ಇಷ್ಟದ ಸತ್ಕಾರ್ಯಕ್ಕೆ ಸುರಿಯಲು ಅವನಿಗೆ ಅಧಿಕಾರ ಕೊಟ್ಟವರು ಯಾರು? ಆದರೆ ಒಡೆಯರೇ ಕೂಡಿ ಬೈಲಾ ಬರೆದುಕೊಂಡ ಕಡೆ ಈ ಪ್ರಶ್ನೆಗೆ ಉತ್ತರ ಮೊದಲೇ ಸಿಕ್ಕಿರುತ್ತದೆ. ಆ ಆಕ್ಷೇಪ ನಾಟುವುದು ಕಂಪನಿಯ ಹಣದಲ್ಲಿ ಮಾಡುವ ದಾನಕ್ಕೇ. ನಮ್ಮ 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಂದ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕಾಗಿ ಖರ್ಚು ಮಾಡಿಸುತ್ತದೆ. ಶಾಲೆಗಳಿಗೆ, ಆಸ್ಪತ್ರೆಗಳಿಗೆ ಅದರಿಂದ ಉಪಕಾರವಾಗಿರುವುದು ನಿಜ. ಆದರೆ ಆ ನಿಯಮ ಉಳಿದ ಶೇ. 98ನ್ನು ಗಳಿಸಿದ ಬಗೆಯನ್ನು ಕೇಳುವುದಿಲ್ಲ.

ಸಹಕಾರಿ ಸಂಘಗಳು ರಾಜಕಾರಣಿಗಳ ಅಡ್ಡೆಯಾಗಿಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಅನೇಕ ಕಡೆ ಆಗಿವೆ. ಮುಳುಗಿದ ಸಂಘಗಳಲ್ಲಿ ಠೇವಣಿ ಇಟ್ಟವರ ಸಂಕಟ ಮುಚ್ಚಿಡುವಂಥದ್ದಲ್ಲ. ಆದರೆ 2009ರಲ್ಲಿ ಸತ್ಯಂ ಕಂಪನಿಯ ಲೆಕ್ಕದ ವಂಚನೆ ಬಯಲಾದಾಗ ಖಾಸಗಿ ಕಂಪನಿಗಳೇ ಬೇಡವೆಂದು ಯಾರೂ ತೀರ್ಮಾನಿಸಲಿಲ್ಲ, ತಪಾಸಣೆ ಬಿಗಿಯಾಗಲಿ ಎಂದರು. ಸಹಕಾರಿ ಸಂಘಗಳಿಗೂ ಬೇಕಾದದ್ದು ಅದೇ: ಸಕಾಲಕ್ಕೆ ಚುನಾವಣೆ, ಆಡಳಿತ ಮಂಡಳಿಯ ಹಂಗಿಲ್ಲದ ಲೆಕ್ಕಪರಿಶೋಧನೆ.