ಹಿಡಿಕೆಯ ಚೀಲದೊಂದಿಗೆ ಭೂಪ್ರದಕ್ಷಿಣೆ

1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಏಕಾಂಗಿಯಾಗಿ ಹೊರಟ ಥಾಮಸ್ ಸ್ಟೀವನ್ಸನ ಪ್ರಯಾಣಸಾಮಗ್ರಿಯೆಂದರೆ, 50 ಅಂಗುಲದ ಮುಂಚಕ್ರವುಳ್ಳ ಕೊಲಂಬಿಯಾ ಬೈಸಿಕಲ್ಲಿನ ಹಿಡಿಕೆಗೆ ಬಿಗಿದ ಪುಟ್ಟ ಚೀಲ, ಅದರೊಳಗೆ ಕಾಲುಚೀಲಗಳು, ಹೆಚ್ಚಿನದೊಂದು ಅಂಗಿ, ಮಳೆಗೆ ಹೊದಿಕೆಯಾಗಿ ಇರುಳಿಗೆ ಡೇರೆಯೂ ಹಾಸಿಗೆಯೂ ಆಗುತ್ತಿದ್ದ ಮಳೆಯಂಗಿ, ಜತೆಗೊಂದು ರಿವಾಲ್ವರು, ಇಷ್ಟೆ. ಒಂದೇ ವಸ್ತ್ರದಿಂದ ತ್ರಿವಿಧ ಪ್ರಯೋಜನ ಪಡೆದ ಆ ವಿವೇಕವನ್ನು ನಾನು ಅವನ ಸಾಹಸಕ್ಕಿಂತಲೂ ಮಿಗಿಲೆಂದು ಬಗೆಯುತ್ತೇನೆ. ಗಾಳಿತುಂಬಿದ ಟೈರು ಇನ್ನೂ ಬಳಕೆಗೆ ಬಾರದಿದ್ದ ಆ ಕಾಲದಲ್ಲಿ, ಗಟ್ಟಿ ರಬ್ಬರಿನ ಚಕ್ರವನ್ನೇರಿ, ದಾರಿ ಕೆಟ್ಟೆಡೆಯಲ್ಲಿ ವಾಹನವನ್ನು ನೂಕುತ್ತ ನಡೆದು, ಆಗಸ್ಟ್ 4ರಂದು ಬಾಸ್ಟನ್ನನ್ನು ಸೇರಿದ ಆತನು, ಮರುವರ್ಷ ಲಿವರ್‌ಪೂಲಿನಿಂದ ಯಾತ್ರೆಯನ್ನು ಮುಂದುವರಿಸಿ, ನಮ್ಮ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಕಲ್ಕತ್ತೆಯವರೆಗೆ ಸವಾರಿಮಾಡಿ, 1886ರ ಡಿಸೆಂಬರ್ 17ರಂದು ಯೊಕೊಹಾಮವನ್ನು ಮುಟ್ಟಿದನು.