ಹೆಬ್ಬೆಟ್ಟಿನ ಕತೆ (ಭಾಗ 6)

ಓದು ಬಾರದವರನ್ನ ‘ಹೆಬ್ಬೆಟ್ಟು’ ಅಂತ ಗೇಲಿ ಮಾಡ್ತಿದ್ರು. ಈಗ ಎಂಕಾಂ ಆದವರೂ ದಿನಕ್ಕೆ ಎಷ್ಟು ಸಲ ಫೋನಿಗೆ ಹೆಬ್ಬೆಟ್ಟು ಒತ್ತುತ್ತಾರೋ, ಲೆಕ್ಕವೇ ಇಲ್ಲ!

ಶುರುವಾದದ್ದು ಅಪನಂಬಿಕೆಯಿಂದ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಯನ್ನೇ ಕರಾರುಪತ್ರದ ಮೇಲೆ ಒತ್ತಿಸಿದ. ‘ಸಹಿ ನಂದಲ್ಲ’ ಅಂತ ಆಮೇಲೆ ಹೇಳಬಾರದಲ್ಲ, ಅದಕ್ಕೆ. 1897ರಲ್ಲಿ ಕಲ್ಕತ್ತಾದಲ್ಲಿ ಅಪರಾಧಿಗಳನ್ನ ಗುರುತಿಸೋಕೆ ಬೆರಳಚ್ಚು ಕಚೇರಿಯೇ ಬಂತು. 2013ರಲ್ಲಿ ಐಫೋನ್ 5ಎಸ್ ಬಂದ ಮೇಲೆ ಅದೇ ಬೆರಳು ಸ್ಟೈಲ್ ಆಯ್ತು.

ಮಣಿಪಾಲದ ಹಾಸ್ಟೆಲಿನಲ್ಲಿ ಕೆಲವರು ಪಿನ್ನೇ ಇಡೋದು. ನಿದ್ದೆಯಲ್ಲಿದ್ದಾಗ ರೂಮ್‌ಮೇಟ್ ಬೆರಳು ಹಿಡಿದು ಒತ್ತಿಬಿಟ್ರೆ? ಪಿನ್ ಬದಲಾಯಿಸಬಹುದು, ಬೆರಳನ್ನ ಹೇಗೆ!

ಇನ್ನು ಕೆಲವರಿಗೆ ಆಯ್ಕೆಯೇ ಇಲ್ಲ. ಕಾರ್ಕಳದ ಗೇರುಬೀಜ ಫ್ಯಾಕ್ಟರಿಯಲ್ಲಿ ಸಿಪ್ಪೆಯ ಎಣ್ಣೆ ತಾಗಿ ಚರ್ಮ ಸುಡ್ತದೆ. ಬೀಡಿ ಕಟ್ಟಿ ಕಟ್ಟಿ ಗೆರೆ ಸವೀತದೆ. ಕಾಪುವಿನ ಮೀನುಗಾರರ ಕೈ ಸದಾ ಒದ್ದೆ. ಸೆನ್ಸರ್ ಓದೋದು ಗೆರೆಗಳನ್ನ, ಅದೇ ಸರಿ ಕಾಣದಿದ್ರೆ ಪಿನ್ನೇ ಗತಿ. ದುಡಿದ ಕೈಗೆ ಅಂಕಿ, ನಮ್ಮ ನುಣುಪು ಕೈಗೆ ಹೆಬ್ಬೆಟ್ಟು. ಉಲ್ಟಾ ಆಯ್ತಲ್ಲ ಮಾರಾಯ್ರೆ!

ಫೋನಿಗಾದ್ರೂ ಪಿನ್ ಉಂಟು. ರೇಷನ್ ಅಂಗಡಿಯ ಮೆಷಿನ್ ಮುಂದೆ ಅದೇ ಸವೆದ ಬೆರಳನ್ನ ಒರೆಸಿ ಒರೆಸಿ ಒತ್ತಬೇಕು. ನಿಮ್ಮ ಮನೆಯಲ್ಲೂ ಯಾರಾದ್ರೂ ಹೀಗೆ ಉಂಟಾ?